ಆ ಕಡೆಯ ಹಿಡಿ

‘ಇಲ್ಲಿರೋ ಗರಗಸಗಳಲ್ಲಿ ಒಂದೂ ಚೆನ್ನಾಗಿರದೇ ಇರಲಿ.’

ಅಳಿಲು ಇದನ್ನು ಮನಸ್ಸಿನಲ್ಲೇ ಹೇಳಿಕೊಂಡಳು. ತುಟಿ ಕೂಡ ಅಲುಗಲಿಲ್ಲ. ಹೇಳಿಕೊಂಡ ಮೇಲೆ ತನಗೇ ಒಂಥರಾ ಆಗಿ, ಮೊಳೆ ಡಬ್ಬಗಳ ಹಿಂದೆ ಸರಿದು ನಿಂತಳು.

ಕೌಂಟರಿನ ಮೇಲೆ ಮೂರು ಬ್ಯಾಟರಿ ಗರಗಸಗಳು ಸಾಲಾಗಿ ಮಲಗಿದ್ದವು. ಅಜ್ಜ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಪರೀಕ್ಷೆಗೆ ಓದದೇ ಬಂದ ಹುಡುಗನ ಹಾಗೆ ಅವನ್ನು ನೋಡುತ್ತಿದ್ದ.

“ಮುಟ್ಟಿ ನೋಡಿ ಯಜಮಾನ್ರೆ, ಕಚ್ಚಲ್ಲ,” ಎಂದಳು ಅಂಗಡಿಯಕ್ಕ. ಅವಳ ಕಿವಿಯ ಮೇಲೆ ಒಂದು ಪೆನ್ಸಿಲ್ ಇತ್ತು. “ಬ್ಯಾಟರಿ ಹಾಕಿಲ್ಲ.”

“ಕಚ್ಚದೇ ಇರೋ ಗರಗಸ ತಗೊಂಡು ನಾನೇನಮ್ಮ ಮಾಡ್ಲಿ?” ಎಂದ ಅಜ್ಜ.

ಅಂಗಡಿಯಕ್ಕ ಗೊಳ್ಳೆಂದು ನಕ್ಕಳು. ಅಳಿಲು ನಗಲಿಲ್ಲ.

ಅವಳಿಗೆ ಅಳಿಲು ಎಂದು ಹೆಸರಿಟ್ಟವನು ಅಜ್ಜನೇ. ಅವಳು ಒಂದನೇ ಕ್ಲಾಸಿನಲ್ಲಿದ್ದಾಗ ಹಿತ್ತಲಿನಲ್ಲಿ ಅಜ್ಜ ಮತ್ತು ಅಮ್ಮ ಉದ್ದನೆಯ ಗರಗಸ ಹಿಡಿದು ಒಣಕೊಂಬೆ ಕೊಯ್ಯುತ್ತಿದ್ದರು. ಇವಳು ಯಾರೂ ಹೇಳದೆಯೇ ಹೋಗಿ, ಕೆಳಗೆ ಬಿದ್ದ ಮರದ ಪುಡಿಯನ್ನು ಪುಟ್ಟ ಮುಷ್ಟಿಯಲ್ಲಿ ತುಂಬಿ ತುಂಬಿ ಬುಟ್ಟಿಗೆ ಹಾಕತೊಡಗಿದಳು. “ನೋಡೇ, ಅಳಿಲು ಸೇವೆ ಮಾಡೋಕೆ ಬಂದ್ಲು!” ಎಂದು ಅಜ್ಜ ನಕ್ಕ. ಅವತ್ತಿನಿಂದ ಮನೆಯಲ್ಲಿ ಅವಳ ನಿಜವಾದ ಹೆಸರು ಶಾಲೆಯ ಪುಸ್ತಕದ ಮೇಲೆ ಮಾತ್ರ ಉಳಿಯಿತು.

ಆ ಗರಗಸಕ್ಕೆ ಎರಡು ತುದಿಯಲ್ಲಿ ಎರಡು ಹಿಡಿ. ಒಬ್ಬರಿಂದ ಅದು ನಡೆಯುವುದಿಲ್ಲ. ಒಂದು ಹಿಡಿ ಯಾವಾಗಲೂ ಅಜ್ಜನದು. ಇನ್ನೊಂದನ್ನು ಮೊದಲು ಅಜ್ಜಿ ಹಿಡಿಯುತ್ತಿದ್ದಳಂತೆ. ಅಜ್ಜಿ ಹೋದ ಮೇಲೆ ಅಮ್ಮ. ಅಮ್ಮನಿಗೆ ಶನಿವಾರವೂ ಆಫೀಸು ಶುರುವಾದ ಮೇಲೆ ಅದು ಅಳಿಲಿನ ಪಾಲಿಗೆ ಬಂತು. ಆ ಹಿಡಿಯ ಒಂದು ಮಗ್ಗುಲು ಸವೆದು ಸಣ್ಣ ಗುಳಿಯಾಗಿತ್ತು. ಅಳಿಲಿನ ಹೆಬ್ಬೆರಳು ಅದರಲ್ಲಿ ಸರಿಯಾಗಿ ಕೂರುತ್ತಿತ್ತು. ಅದು ಅಜ್ಜಿ ಮಾಡಿದ ಗುಳಿಯೋ ಅಮ್ಮ ಮಾಡಿದ್ದೋ ಎಂದು ಒಮ್ಮೆ ಕೇಳಿದ್ದಕ್ಕೆ ಅಜ್ಜ, “ಇಬ್ಬರೂ ಸೇರಿ ಮಾಡಿದ್ದು. ಉಳಿದಿದ್ದು ನೀನು ಮಾಡು,” ಎಂದಿದ್ದ.

ಮೊದಮೊದಲು ಅವಳಿಗೆ ಎಳೆಯಲು ಬರುತ್ತಿರಲಿಲ್ಲ. ಅಜ್ಜ ಎಳೆದಾಗ ಸಹಾಯ ಮಾಡೋಣವೆಂದು ತಾನೂ ಆ ಕಡೆಗೆ ತಳ್ಳುತ್ತಿದ್ದಳು. ಗರಗಸ ಬಳುಕಿ ‘ವೊಂಯ್’ ಎಂದು ಮರದಲ್ಲೇ ಸಿಕ್ಕಿಕೊಳ್ಳುತ್ತಿತ್ತು.

“ತಳ್ಳಬಾರದು ಅಳಿಲು. ನನ್ನ ಸರದೀಲಿ ಸುಮ್ನೆ ಬಿಟ್ಟುಕೊಡು. ನಿನ್ನ ಸರದೀಲಿ ನೀನು ಎಳಿ. ಎತ್ತು ಏರಿಗೆ ಎಳೆದ್ರೆ ಕೋಣ ನೀರಿಗೆ ಎಳೀತು ಅಂತ ಬೈತಾರಲ್ಲ, ಗರಗಸಕ್ಕೆ ಅದೇ ಬೇಕು.”

“ಯಾರು ಎತ್ತು? ಯಾರು ಕೋಣ?”

“ದಪ್ಪ ಇರೋನು ಕೋಣ,” ಎಂದು ಅಜ್ಜ ತನ್ನ ಹೊಟ್ಟೆ ತಟ್ಟಿಕೊಂಡಿದ್ದ.

ಅಜ್ಜ ಬಹಳ ವರ್ಷ ಬಸ್ ಓಡಿಸಿದವನು. ಹಾಗಾಗಿ ಹಿತ್ತಲಿನಲ್ಲೂ ಅವನು ಡ್ರೈವರ್, ಅಳಿಲು ಕಂಡಕ್ಟರ್. ಅವಳು “ರೈಟ್!” ಅಂದರೆ ಗರಗಸ ಹೊರಡುತ್ತಿತ್ತು. ಯಾರಾದರೂ “ಹೋಲ್ಡಾನ್!” ಅಂದರೆ ನಿಲ್ಲುತ್ತಿತ್ತು. ಅಷ್ಟರ ನಡುವೆ ಅಜ್ಜ ಬಸ್ಸಿನ ಕತೆಗಳನ್ನು ಹೇಳುತ್ತಿದ್ದ. ಅವನು ಒಮ್ಮೆ ಎಳೆದರೆ ಒಂದು ಮಾತು, ಅವಳು ಎಳೆದರೆ ಒಂದು “ಹೂಂ”. ತುಂಡು ಕೆಳಗೆ ಬಿತ್ತೆಂದರೆ ಕತೆಯೂ ಮುಗಿಯಬೇಕು. ಸಣ್ಣ ಕೊಂಬೆಗೆ ಸಣ್ಣ ಕತೆ, ದಪ್ಪ ಕೊಂಬೆಗೆ ದೊಡ್ಡ ಕತೆ. ಊಟದ ಹೊತ್ತಿಗೋ ಮಲಗುವ ಹೊತ್ತಿಗೋ ಕೇಳಿದರೆ ಅಜ್ಜನಿಗೆ ಒಂದು ಕತೆಯೂ ನೆನಪಾಗುತ್ತಿರಲಿಲ್ಲ. “ಗರಗಸ ಕೈಲಿ ಇಲ್ದೆ ಬಾಯಿ ತೆರೆಯಲ್ಲಮ್ಮ,” ಎನ್ನುತ್ತಿದ್ದ.

ಹೋದ ತಿಂಗಳ ಕತೆ ಒಂದು ಆಳೆತ್ತರದ ಕನ್ನಡಿಯದು. ಒಬ್ಬ ಅದನ್ನು ಬಸ್ಸಿಗೆ ಹತ್ತಿಸಿದ್ದ. ಹತ್ತಿದವರೆಲ್ಲ ತಲೆ ಬಾಚಿಕೊಳ್ಳಲು ನಿಂತುಬಿಟ್ಟರಂತೆ. ಕಣ್ಣು ಮಂಜಾದ ಮುದುಕಿಯೊಬ್ಬಳು ಬಂದು, ಕನ್ನಡಿಯೊಳಗಿದ್ದ ಮುದುಕಿಗೆ, “ಸ್ವಲ್ಪ ಸರಿಯವ್ವಾ, ನಾನೂ ಕೂರ್ತೀನಿ,” ಅಂದಳಂತೆ. ಒಳಗಿನ ಮುದುಕಿ ಸರಿಯಲಿಲ್ಲವಂತೆ. ಆಗ ಈ ಮುದುಕಿ ಏನು ಮಾಡಿದಳು ಅಂದರೆ...

ಅಲ್ಲಿ ಅಜ್ಜ “ಹೋಲ್ಡಾನ್” ಎಂದ. ಬಲಭುಜ ಹಿಡಿದುಕೊಂಡು ಕಲ್ಲಿನ ಮೇಲೆ ಕುಳಿತ. “ಉಳುಕು ಕಣೇ, ಎರಡು ದಿನಕ್ಕೆ ಹೋಗುತ್ತೆ,” ಎಂದ. ಕೊಂಬೆ ಅರ್ಧ ಕೊಯ್ದು ಹಾಗೇ ಉಳಿಯಿತು. ಕತೆಯೂ ಹಾಗೇ ಉಳಿಯಿತು. ಮೊನ್ನೆಯ ಗಾಳಿಗೆ ಇನ್ನೊಂದು ದೊಡ್ಡ ಕೊಂಬೆ ಮುರಿದು, ಬಟ್ಟೆ ಒಣಹಾಕುವ ತಂತಿಯ ಮೇಲೆ ಬಿತ್ತು. ಇವತ್ತು ಬೆಳಿಗ್ಗೆ ಅಮ್ಮ ಅಜ್ಜನ ಕೈಗೆ ಚೀಲ ಕೊಟ್ಟು ಹೇಳಿದಳು: “ಅಪ್ಪಾ, ಹೋದ ಸಲದ ಥರ ಬರೀ ಬಲ್ಬು ತಗೊಂಡು ವಾಪಸ್ ಬರಬೇಡ. ಬ್ಯಾಟರಿ ಗರಗಸ ಇಲ್ದೆ ಬಾಗಿಲು ತೆಗೆಯಲ್ಲ.”

ಉಳುಕು ಹೋಗಿಯೇ ಹೋಗುತ್ತದಲ್ಲ, ಹೊಸ ಗರಗಸ ಯಾಕೆ ಬೇಕು? ಅಳಿಲಿಗೆ ಅರ್ಥವಾಗಿರಲಿಲ್ಲ.

“ಇದು ನೋಡಿ,” ಎಂದು ಅಂಗಡಿಯಕ್ಕ ಎಲ್ಲಕ್ಕಿಂತ ದೊಡ್ಡದನ್ನು ಮುಂದಕ್ಕೆ ತಳ್ಳಿದಳು. ಹಲ್ಲಿನ ಚೈನು ಸುತ್ತುವ ಅದರ ಪಟ್ಟಿ ಒಂದು ಮೊಳ ಉದ್ದವಿತ್ತು. ಅಜ್ಜ ಎಡಗೈಯಿಂದ ಸ್ವಲ್ಪ ಎತ್ತಿ, ಹಾಗೇ ಇಳಿಸಿದ.

“ನಮ್ಮನೇಲಿ ಇರೋದು ಒಂದು ಮರ. ಇದು ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಬಿಟ್ಟ ಹಾಗಾಗುತ್ತೆ.”

ಎಲ್ಲಕ್ಕಿಂತ ಚಿಕ್ಕದು ಒಂದು ಗೇಣೂ ಇರಲಿಲ್ಲ. ಒಂದೇ ಕೈಯಲ್ಲಿ ಹಿಡಿಯುವಂಥದ್ದು.

“ಅದು ಹೂಗಿಡದ ಕಡ್ಡಿಗೆ ಸರಿ. ನಿಮ್ಮ ಕೊಂಬೆ ನೋಡಿದ್ರೆ ಅದು ಹೆದರಿ ಅಳುತ್ತೆ,” ಎಂದು ಅಂಗಡಿಯಕ್ಕನೇ ಅದನ್ನು ಪಕ್ಕಕ್ಕಿಟ್ಟಳು.

ಉಳಿದದ್ದು ನಡುವಿನದು. ಗೇಣಿನ ಮೇಲೆ ನಾಲ್ಕು ಬೆರಳು ಉದ್ದ. ಅಜ್ಜ ಎರಡೂ ಕೈಯಲ್ಲಿ ಹಿಡಿದ. ಭಾರ ಅನ್ನಿಸಿದ ಹಾಗೆ ಕಾಣಲಿಲ್ಲ. ಅಳಿಲು ಮೊಳೆ ಡಬ್ಬಗಳ ಹಿಂದಿನಿಂದ ಅಜ್ಜನ ಪಕ್ಕಕ್ಕೆ ಬಂದಳು.

“ಹೆಬ್ಬೆರಳಲ್ಲಿ ಈ ಗುಂಡಿ, ತೋರುಬೆರಳಲ್ಲಿ ಆ ಗುಂಡಿ. ಎರಡೂ ಒಟ್ಟಿಗೆ ಒತ್ತಿದ್ರೆ ಮಾತ್ರ ಓಡುತ್ತೆ. ಕೈ ತೆಗೆದ್ರೆ ನಿಲ್ಲುತ್ತೆ. ಪಟ್ಟಿಯ ಮೂತಿಯನ್ನ ಮರಕ್ಕೆ ತಾಗಿಸಬೇಡಿ, ಮೇಲಕ್ಕೆ ಎಗರುತ್ತೆ. ಆಮೇಲೆ ಯಜಮಾನ್ರೆ, ಕೆಲಸ ಎಲ್ಲಾ ಸೊಂಟದ ಮಟ್ಟದಲ್ಲೇ. ಭುಜಕ್ಕಿಂತ ಮೇಲೆ ಎತ್ತಲೇಬಾರದು.”

“ಒಳ್ಳೇದಾಯ್ತು. ನನ್ನ ಭುಜಕ್ಕೂ ಮೇಲೆ ಹೋಗೋ ಆಸೆ ಏನಿಲ್ಲ.”

“ಮನೇಲಿ ಡ್ರಿಲ್ ಇದೆಯಾ? ಇದೇ ಕಂಪನಿ ಬ್ಯಾಟರೀದು?”

“ಅಳಿಯಂದು ಇದೆ.”

“ಹಾಗಾದ್ರೆ ಅದೇ ಬ್ಯಾಟರಿ ಇದಕ್ಕೂ ಕೂರುತ್ತೆ. ಒಂದು ಮುಗಿದ್ರೆ ಇನ್ನೊಂದು.”

ಅಜ್ಜ ಅಳಿಲಿನ ಕಡೆ ತಿರುಗಿದ. “ಏನಂತೀಯ ಕಂಡಕ್ಟರ್?”

ಹೊರಗಿನವರ ಮುಂದೆ ಅಳಿಲಿನ ಬಾಯಿಗೆ ಬೀಗ. ಶಾಲೆಯಲ್ಲೂ ಅಷ್ಟೆ, ಉತ್ತರ ಗೊತ್ತಿದ್ದರೂ ಕೈ ಎತ್ತುವುದಿಲ್ಲ. ಅವಳು ಅಜ್ಜನ ತೋಳು ಹಿಡಿದು ಬಗ್ಗಿಸಿ, ಕಿವಿಯಲ್ಲಿ ಪಿಸುಗುಟ್ಟಿದಳು.

ಅಜ್ಜ ಗಂಟಲು ಸರಿಮಾಡಿಕೊಂಡ. “ನಮ್ಮ ಅಳಿಲು ಕೇಳ್ತಿದ್ದಾಳೆ, ಇದು ಎಣ್ಣೆ ಸೋರುತ್ತಾ ಅಂತ.”

“ಚೈನಿಗೆ ಎಣ್ಣೆ ಬೇಕೇ ಬೇಕು. ಇಲ್ಲಿ ಹಾಕೋದು. ಇಟ್ಟಲ್ಲಿ ಸ್ವಲ್ಪ ಜಿಡ್ಡು ಆಗುತ್ತೆ. ಕೆಳಗೊಂದು ರಟ್ಟು ಹಾಕಿ.”

ಮತ್ತೆ ಪಿಸಪಿಸ.

“ಚೈನು ಸಡಿಲ ಆದ್ರೆ?”

“ಈ ತಿರುಪು ತಿರುಗಿಸಿದ್ರೆ ಬಿಗಿ.”

ಪಿಸಪಿಸ.

“ಬಣ್ಣ ಕಣ್ಣಿಗೆ ಹೊಡೆಯೋ ಥರ ಇದೆಯಂತೆ.”

ಅಂಗಡಿಯಕ್ಕ ಸೊಂಟದ ಮೇಲೆ ಕೈಯಿಟ್ಟುಕೊಂಡಳು. “ಅಲ್ಲ ಮರಿ, ನೀನು ಗರಗಸ ಕೊಳ್ಳೋಕೆ ಬಂದಿದ್ದೀಯೋ, ಮೊಸರಲ್ಲಿ ಕಲ್ಲು ಹುಡುಕೋಕೆ ಬಂದಿದ್ದೀಯೋ? ಹುಲ್ಲಲ್ಲಿ ಇಟ್ಟು ಮರೆತ್ರೆ ಕಾಣಲಿ ಅಂತ ಆ ಬಣ್ಣ.” ಆಮೇಲೆ ಗೋಡೆಯ ಮೇಲಿಂದ ಎರಡು ದೊಡ್ಡ ಬಟ್ಟಲುಗಳ ಹಾಗಿದ್ದ ಕಿವಿಮುಚ್ಚುಗ ತಂದಳು. “ಯಜಮಾನ್ರೆ, ಓಡಿಸುವಾಗ ಇದನ್ನ ಹಾಕ್ಕೊಳ್ಳಿ. ಸದ್ದು ಜಾಸ್ತಿ. ಕಣ್ಣಿಗೆ ಕನ್ನಡಕ. ಮತ್ತೆ ಈ ಮರಿ ಹತ್ತಿರ ಸುಳಿಯಬಾರದು. ಅಲ್ಲೆಲ್ಲೋ ಅಡುಗೆಮನೆ ಬಾಗಿಲಲ್ಲಿ ನಿಲ್ಲಲಿ.”

ಅಜ್ಜ ಗರಗಸ ಕೆಳಗಿಟ್ಟು, ಎಡಗೈಯಲ್ಲೇ ಕಿವಿಮುಚ್ಚುಗ ಹಾಕಿಕೊಂಡು ನೋಡಿದ. “ಅಜ್ಜ,” ಎಂದಳು ಅಳಿಲು. ಅಜ್ಜ ಸೀಲಿಂಗ್ ಫ್ಯಾನ್ ನೋಡುತ್ತಾ ನಗುತ್ತಿದ್ದ. ಅವನಿಗೆ ಕೇಳಿಸಲಿಲ್ಲ.

ಅವಳಿಗೆ ಮುಂದಿನ ಶನಿವಾರ ಕಣ್ಣಿಗೆ ಕಟ್ಟಿದಂತಾಯಿತು. ಅಜ್ಜ ಹಿತ್ತಲಿನಲ್ಲಿ ಒಬ್ಬನೇ. ಕಿವಿ ಮುಚ್ಚಿದೆ. ಗರಗಸ ಗುರ್ರೆನ್ನುತ್ತಿದೆ. ಕೊಂಬೆಗಳು ಪಟಪಟ ಬೀಳುತ್ತಿವೆ. ತಾನು ದೂರದ ಬಾಗಿಲಲ್ಲಿ ನಿಂತಿದ್ದೇನೆ. ರೈಟ್ ಇಲ್ಲ, ಹೋಲ್ಡಾನ್ ಇಲ್ಲ, ಹೂಂ ಇಲ್ಲ.

ಅಜ್ಜ ಕಿವಿಮುಚ್ಚುಗ ತೆಗೆದ. ಅಳಿಲಿನ ಮುಖ ನೋಡಿದ.

“ಇಷ್ಟ ಆಗ್ಲಿಲ್ವಾ?”

ಅಳಿಲು ಇಲ್ಲವೆಂದು ತಲೆಯಾಡಿಸಿದಳು.

“ಹಾಗಾದ್ರೆ ಬೇಡ ಬಿಡು,” ಎಂದ ಅಜ್ಜ. ಗರಗಸವನ್ನು ಮೆಲ್ಲಗೆ ಅಂಗಡಿಯಕ್ಕನ ಕಡೆ ಸರಿಸಿದ. “ಬೇಜಾರು ಮಾಡ್ಕೋಬೇಡಮ್ಮ. ನಮ್ಮ ಹಳೇದೇ ಇನ್ನೂ ಗಟ್ಟಿಯಾಗಿದೆ. ಹಲ್ಲು ಮಸೆದ್ರೆ ಆಯ್ತು. ನಾವಿಬ್ಬರಿದ್ದೀವಲ್ಲ.”

“ನಿಮ್ಮಿಷ್ಟ ಯಜಮಾನ್ರೆ,” ಎಂದು ಅಂಗಡಿಯಕ್ಕ ಕಿವಿಮುಚ್ಚುಗವನ್ನು ವಾಪಸ್ ತೂಗುಹಾಕಲು ಹೋದಳು.

ಅಳಿಲು ಗೆದ್ದಿದ್ದಳು. ಅವಳಿಗೆ ಒಂದು ಜಿಗಿತ ಜಿಗಿಯಬೇಕು ಅನ್ನಿಸಿತು.

“ಅಮ್ಮಂಗೆ ಏನು ಹೇಳೋದು?” ಎಂದು ಪಿಸುಗುಟ್ಟಿದಳು.

“ಬಲ್ಬು ಸಿಗ್ತು ಅಂತ ಹೇಳೋಣ,” ಎಂದು ಅಜ್ಜ ಕಣ್ಣು ಮಿಟುಕಿಸಿದ.

ಬಾಗಿಲ ಪಕ್ಕದ ಕಂಬದಲ್ಲಿ ಗಿರಾಕಿಗಳ ಚೀಲ ತೂಗುಹಾಕಲು ಕೊಕ್ಕೆಗಳಿದ್ದವು. ಬಂದಾಗ ಅಂಗಡಿಯಕ್ಕನೇ ಅಜ್ಜನ ಚೀಲವನ್ನು ಅಲ್ಲಿ ಹಾಕಿದ್ದಳು. ಅಜ್ಜ ಅದನ್ನು ತೆಗೆಯಲು ಬಲಗೈ ಎತ್ತಿದ. ಕೈ ಎದೆಯ ಮಟ್ಟಕ್ಕೆ ಬಂದು ನಿಂತಿತು. ಅಜ್ಜ ಏನೂ ಆಗದವನಂತೆ ಒಂದು ಹಾಡು ಗುನುಗುತ್ತಾ, ಎಡಗೈಯಿಂದ ಬಲಗೈಯ ಮೊಣಕೈ ಹಿಡಿದು, ಬೇರೆ ಯಾರದೋ ಕೈಯನ್ನು ಎತ್ತುವ ಹಾಗೆ ಮೇಲಕ್ಕೆತ್ತಿದ. ಅರ್ಧಕ್ಕೆ ಹಾಡು ನಿಂತಿತು. ಕಣ್ಣು ಮುಚ್ಚಿಕೊಂಡ. ಆಮೇಲೆ ಬಲಗೈ ಇಳಿಸಿ, ಎಡಗೈಯಲ್ಲೇ ಚೀಲ ತೆಗೆದುಕೊಂಡ. ಹಾಡು ಬಿಟ್ಟಲ್ಲಿಂದ ಮತ್ತೆ ಶುರುವಾಯಿತು.

ಅಳಿಲು ಮೊಳೆ ಡಬ್ಬಗಳ ಪಕ್ಕದಲ್ಲಿ ನಿಂತು ಎಲ್ಲವನ್ನೂ ನೋಡಿದಳು.

ಆ ಕನ್ನಡಿ ಕತೆಗೆ ಮುಂಚಿನ ಕೆಲವು ಶನಿವಾರಗಳು ಅವಳಿಗೆ ಒಂದೊಂದಾಗಿ ನೆನಪಾದವು. ಮೊದಲು ಅಜ್ಜನ ಬಸ್ಸು ಇಡೀ ಕೊಂಬೆಗೆ ಒಂದೇ ಓಟ ಓಡುತ್ತಿತ್ತು. ಆಮೇಲೆ ನಡುವೆ ಒಂದು ಸ್ಟಾಪ್ ಬಂತು. “ಹೋಲ್ಡಾನ್! ಇಲ್ಲೊಬ್ಬರು ಇಳೀತಾರೆ.” ಆಮೇಲೆ ಇನ್ನೊಂದು ಸ್ಟಾಪ್. “ಹೋಲ್ಡಾನ್! ಇಲ್ಲಿ ಟೀ ಕುಡಿಯೋಕೆ ಟೈಮ್.” “ಹೋಲ್ಡಾನ್! ದನ ಅಡ್ಡ ಬಂತು.” ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅಜ್ಜನ ಆಟ ದಿನದಿಂದ ದಿನಕ್ಕೆ ತಮಾಷೆಯಾಗುತ್ತಿದೆ ಅಂದುಕೊಂಡಿದ್ದಳು. ಆ ಸ್ಟಾಪ್‌ಗಳಲ್ಲೆಲ್ಲ ಅಜ್ಜ ಬಲಗೈ ಇಳಿಬಿಟ್ಟು, ಮರಕ್ಕೆ ಒರಗಿ ನಿಂತಿರುತ್ತಿದ್ದ.

ಅಲ್ಲಿ ಯಾರೂ ಇಳಿಯುತ್ತಿರಲಿಲ್ಲ. ದನವೂ ಅಡ್ಡ ಬಂದಿರಲಿಲ್ಲ.

“ಬಾ ಅಳಿಲು,” ಎಂದ ಅಜ್ಜ ಬಾಗಿಲಲ್ಲಿ. “ಬಿಸಿಲೇರೋ ಮುಂಚೆ ಮನೆ ಸೇರೋಣ. ಸಾಯಂಕಾಲ ಆ ಅರ್ಧ ಕೊಂಬೆ ಮುಗಿಸೋಣ. ಮುದುಕಿ ಕತೆ ಬಾಕಿ ಇದೆ.”

ಅವಳು ಕೇಳಬೇಕೆಂದಿದ್ದ ಮಾತು ಅದೇ. ಆದರೆ ಕಾಲು ಮುಂದೆ ಹೋಗಲಿಲ್ಲ.

“ಹೋಲ್ಡಾನ್,” ಎಂದಳು.

ಪಿಸುಮಾತಲ್ಲ. ಅಂಗಡಿಯಕ್ಕ ಕೂಡ ತಿರುಗಿ ನೋಡಿದಳು. ಅಜ್ಜನ ಒಂದು ಕಾಲು ಮೆಟ್ಟಿಲ ಮೇಲೇ ನಿಂತಿತು.

ಅಳಿಲು ಕೌಂಟರಿನ ಹತ್ತಿರ ಹೋಗಿ ನಡುವಿನ ಗರಗಸದ ಪಕ್ಕದಲ್ಲಿ ನಿಂತಳು. ಮುಖವೆಲ್ಲ ಬಿಸಿಯಾಯಿತು. ಅಜ್ಜ ವಾಪಸ್ ಬಂದು, ಅಭ್ಯಾಸದಂತೆ ಕಿವಿ ಕೊಡಲು ಅವಳ ಕಡೆ ಬಾಗಿದ. ಅವಳು ಅವನ ತೋಳು ಹಿಡಿಯಲಿಲ್ಲ.

“ಇದೇ ತಗೋ ಅಜ್ಜ. ಇದು ಚೆನ್ನಾಗಿದೆ. ಎಣ್ಣೆ ಸೋರಿದ್ರೆ ರಟ್ಟು ಹಾಕ್ಬೋದು. ಬಣ್ಣಾನೂ ಪರವಾಗಿಲ್ಲ.” ಉಳಿದದ್ದನ್ನೂ ಎಲ್ಲರಿಗೂ ಕೇಳುವಷ್ಟು ಜೋರಾಗಿಯೇ ಹೇಳಿದಳು: “ಇದಕ್ಕೆ ಆ ಕಡೆ ನಂಗೊಂದು ಹಿಡಿ ಇಲ್ಲ. ಅಷ್ಟೇ.”