ಎಲ್ಲರದ್ದೂ ನಾಲ್ಕು

"ಅಜ್ಜಿ, ಸ್ವಲ್ಪ ಪಕ್ಕಕ್ಕೆ ಸರಿ. ಸಿಗ್ನಲ್‌ಗೆ ಅಡ್ಡ ನಿಂತಿದ್ದೀಯ."

"ನಾನೇನು ಗೋಡೆನಾ?" ಎಂದು ಗೊಣಗುತ್ತಲೇ ಅಜ್ಜಿ ಸರಿದು ನಿಂತರು. ಮೊಮ್ಮಗಳು ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಮನೆಯೆಲ್ಲ ಸುತ್ತುತ್ತಿದ್ದಳು.

ಕಂಪ್ಯೂಟರ್ ಮಿಸ್ ಹೋಮ್‌ವರ್ಕ್ ಕೊಟ್ಟಿದ್ದರು. ಮನೆಯ ಸುತ್ತಮುತ್ತ ಸಿಗುವ ವೈಫೈಗಳ ಹೆಸರು, ಟೈಪ್, ಸ್ಪೀಡ್ ಪಟ್ಟಿ ಮಾಡಬೇಕು. ಟೈಪ್ ನಂಬರ್ ಹೆಚ್ಚಾದಷ್ಟೂ ವೈಫೈ ಹೊಸದು. ಅಕ್ಕಪಕ್ಕದವರ ವಿಷಯ ಕೆದಕಿದರೆ ಮಾರ್ಕ್ಸೂ ಸಿಗುತ್ತದೆ ಎಂದ ಮೇಲೆ ಈ ಹುಡುಗಿಗೆ ಇನ್ನೇನು ಬೇಕು! ಎಲ್ಲರ ತಪ್ಪು ಹುಡುಕುವ ಇವಳಿಗೆ ಮನೆಯಲ್ಲಿ 'ಇನ್ಸ್‌ಪೆಕ್ಟರ್' ಎಂದೇ ಹೆಸರು.

ಲ್ಯಾಪ್‌ಟಾಪ್ ಮಾವನ ಆಫೀಸಿನದು. ಅಲ್ಲಿ ದುಡಿದು ಸುಸ್ತಾಗಿ, ಯಾರಿಗೂ ಬೇಡವಾದ ಮೇಲೆ ಇವಳ ಪಾಲಿಗೆ ಬಂದಿತ್ತು. ಆನ್ ಮಾಡಿದರೆ ಏದುಸಿರು ಬಿಡುತ್ತಿತ್ತು. ಇನ್ಸ್‌ಪೆಕ್ಟರ್‌ಗೆ ಮಾತ್ರ ಅದು ಹೇಳಿದ್ದೇ ವೇದವಾಕ್ಯ.

ಪರದೆಯ ಮೇಲೆ ಒಂದೊಂದೇ ಹೆಸರು ಬಂತು. 'ಮುಟ್ಟಬೇಡಿ': ಟೈಪ್ 4, ಸ್ಪೀಡ್ 150. 'ಸ್ವಂತದ್ದು ಹಾಕಿಸ್ಕೋ': ಟೈಪ್ 4, ಸ್ಪೀಡ್ 150. 'ಡಾಕ್ಟರ್ ಮನೆ': ಅದೂ ಅಷ್ಟೇ. ಒಂಬತ್ತು ಮನೆಗಳದ್ದೂ ಅಚ್ಚು ಹಾಕಿದ ಹಾಗೆ ಒಂದೇ ಉತ್ತರ. ಬೇರೆ ಯಾರಿಗಾದರೂ ಸಣ್ಣದೊಂದು ಅನುಮಾನ ಬರುತ್ತಿತ್ತು. ಇವಳಿಗೆ ಬಂದದ್ದು ಖುಷಿ.

ಯಾಕೆಂದರೆ ಒಂಬತ್ತನೆಯದು ಕೆಳಗಿನ ಮನೆಯದು, ಗುಂಗುರಿಯ ಮನೆಯದು. ಗುಂಗುರಿ ಇವಳದೇ ಕ್ಲಾಸು, ಇವಳದೇ ಬೆಂಚು. ಅವಳ ಗುಂಗುರು ಕೂದಲು ನೋಡಿ ಆ ಹೆಸರಿಟ್ಟವಳೂ ಇವಳೇ. ಹೋದ ವಾರವಷ್ಟೇ ಗುಂಗುರಿ "ನಮ್ಮನೆಗೆ ಹೊಸ ವೈಫೈ ಬಂತು, ಟೈಪ್ ಆರು!" ಎಂದು ಇಡೀ ಕ್ಲಾಸಿಗೆ ಹೇಳಿದ್ದಳು.

"ಆರಂತೆ ಆರು!" ಇನ್ಸ್‌ಪೆಕ್ಟರ್ ಮೂಗು ಮುರಿದಳು.

"ಅವಳನ್ನೇ ಒಂದ್ಸಲ ಕೇಳ್ಬಾರ್ದೇನೇ?" ಎಂದರು ಅಜ್ಜಿ.

"ಕೇಳೋದೇನಿದೆ ಅಜ್ಜಿ? ಕಂಪ್ಯೂಟರ್ ಸುಳ್ಳು ಹೇಳುತ್ತಾ?"

ಮರುದಿನ ಮಿಸ್ ಬರುವ ಮೊದಲೇ ಅವಳು ಎದ್ದು ನಿಂತು, ಪಟ್ಟಿಯನ್ನು ಗಟ್ಟಿಯಾಗಿ ಓದಿದಳು. ಕೊನೆಗೆ ಗಂಟಲು ಸರಿಮಾಡಿಕೊಂಡು, "ಆರು ಅಂತ ಜಂಭ ಕೊಚ್ಚಿದವರ ಮನೇದೂ ನಾಲ್ಕೇ. ಬರೀ ಬುರುಡೆ!" ಎಂದಳು.

ಕ್ಲಾಸು ಹೋ ಎಂದಿತು. "ಡಬ್ಬದ ಮೇಲೇ ಬರೆದಿದೆ ಕಣೇ, ನಾನೇ ಓದಿದೀನಿ" ಎಂದು ಗುಂಗುರಿ ಅಂದದ್ದು ಯಾರಿಗೂ ಕೇಳಲಿಲ್ಲ. ಅಂದಿನಿಂದ ಅವಳ ಹೆಸರೇ ಬುರುಡೆ. "ಬುರುಡೆ, ರಬ್ಬರ್ ಕೊಡೇ." "ಬುರುಡೆ, ನೀನು ಹೋಮ್‌ವರ್ಕ್ ಮಾಡಿದ್ದು ನಿಜಾನಾ?"

ಎರಡು ದಿನ ಕಳೆದು ಆಟದ ಪೀರಿಯಡ್‌ನಲ್ಲಿ ಗುಂಗುರಿ ಹೊಟ್ಟೆ ಹಿಡಿದುಕೊಂಡು, "ಸರ್, ತುಂಬಾ ನೋವು, ಓಡಕ್ಕಾಗಲ್ಲ" ಎಂದಳು. ಸಾಲಿನಲ್ಲಿದ್ದವರೆಲ್ಲ "ಬುರುಡೆ! ಬುರುಡೆ!" ಎಂದು ಕೂಗಿದರು. ಸರ್ ಕೂಡ ನಕ್ಕುಬಿಟ್ಟರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಮ್ಮ ಇನ್ಸ್‌ಪೆಕ್ಟರ್. ಗುಂಗುರಿ ಅರ್ಧ ಸುತ್ತು ಓಡಿ, ಕಾಂಪೌಂಡ್ ಗೋಡೆ ಹಿಡಿದು ವಾಂತಿ ಮಾಡಿಕೊಂಡಳು. ಆಮೇಲೆ ಮೂರು ದಿನ ಶಾಲೆಗೆ ಬರಲಿಲ್ಲ.

ಅಷ್ಟರಲ್ಲಿ ಮಿಸ್ ಪಟ್ಟಿಗಳನ್ನು ತಿದ್ದಿದ್ದರು. ಇನ್ಸ್‌ಪೆಕ್ಟರ್‌ಗೆ ಲ್ಯಾಪ್‌ಟಾಪ್ ತರಲು ಹೇಳಿ, ಲ್ಯಾಬಿಗೆ ಕರೆದರು.

"ನಮ್ಮ ಸ್ಕೂಲ್ ವೈಫೈ ಯಾವ ಟೈಪು, ನೋಡಿ ಹೇಳಮ್ಮ."

"ನಾಲ್ಕು ಮಿಸ್."

ಮಿಸ್ ತಮ್ಮ ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದರು. ಅದರಲ್ಲಿ ಅದೇ ಹೆಸರಿನ ಮುಂದೆ 6 ಎಂದಿತ್ತು.

"ಒಂದೇ ವೈಫೈಗೆ ಎರಡು ಉತ್ತರ ಹೇಗೆ ಬಂತು?"

ಇನ್ಸ್‌ಪೆಕ್ಟರ್ ಎರಡೂ ಪರದೆಗಳನ್ನು ಮತ್ತೆ ಮತ್ತೆ ನೋಡಿದಳು.

"ನಿನ್ನದು ಹಳೇದು. ಅದಕ್ಕೆ ಗೊತ್ತಿರೋದೇ ನಾಲ್ಕರ ತನಕ. ಎದುರಿಗೆ ಆರು ಬಂದು ನಿಂತ್ರೂ ನಾಲ್ಕು ಅಂತಾನೇ ಹೇಳುತ್ತೆ. ಸ್ಪೀಡೂ ಅದರ ಕೈಲಾದಷ್ಟೇ. ಪಟ್ಟಿ ಇನ್ನೊಂದ್ಸಲ ಮಾಡು, ಈ ಸಲ ನನ್ನದು ತಗೊಂಡು ಹೋಗು."

ಮಿಸ್ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಎಂದು ಅವಳಿಗೆ ಅನಿಸಿತು. ಗೋಡೆ ಹಿಡಿದು ಬಗ್ಗಿದ್ದ ಗುಂಗುರಿಯ ಬೆನ್ನು ನೆನಪಾಗಿ, ನಾಚಿಕೆಯಿಂದ ಮುಖ ಬಿಸಿಯಾಯಿತು.

ಸೋಮವಾರ ಗುಂಗುರಿ ಬಂದಳು. ಬೆಂಚಿನ ತುದಿಯಲ್ಲಿ ಕೂತು, ನಡುವೆ ಬ್ಯಾಗ್ ಇಟ್ಟಳು. ಇನ್ಸ್‌ಪೆಕ್ಟರ್ ಎದ್ದು ನಿಂತಳು.

"ಎಲ್ಲರೂ ಕೇಳಿ. ನನ್ನ ಲ್ಯಾಪ್‌ಟಾಪ್ ಹಳೇದು. ಮಿಸ್ ಲ್ಯಾಪ್‌ಟಾಪ್‌ನಲ್ಲಿ ನೋಡಿದೆ, ಇವಳ ಮನೆ ವೈಫೈ ಟೈಪ್ ಆರೇ. ಇವಳು ಹೇಳಿದ್ದು ನಿಜ. ತಪ್ಪು ನಂದು."

"ಯಾರ ಮನೇದು?" ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ.

"ಬುರುಡೆ ಮನೇದು ಕಣೋ" ಎಂದ ಪಕ್ಕದವನು. ಅವನೇನೂ ರೇಗಿಸಲು ಹೇಳಿದ್ದಲ್ಲ. ಅವಳ ಹೆಸರೇ ಅದು ಎಂಬಂತೆ ಹೇಳಿ, ಮತ್ತೆ ಪೆನ್ಸಿಲ್ ಚೂಪು ಮಾಡತೊಡಗಿದ.

ಗುಂಗುರಿ ಪುಸ್ತಕ ತೆರೆದಳು.

ಪಟ್ಟಿಯಲ್ಲಿದ್ದ ನಾಲ್ಕನ್ನು ಅಳಿಸಿ ಆರು ಬರೆಯಲು ಒಂದು ನಿಮಿಷವೂ ಹಿಡಿದಿರಲಿಲ್ಲ. ಇನ್ಸ್‌ಪೆಕ್ಟರ್ ನಿಧಾನವಾಗಿ ಕೂತಳು. ಆಮೇಲೆ ಹಿಂದಿನ ಬೆಂಚಿಗೂ ಕೇಳುವಷ್ಟು ಗಟ್ಟಿಯಾಗಿ ಕರೆದಳು.

"ಗುಂಗುರಿ."

ಗುಂಗುರಿ ಪುಟ ತಿರುಗಿಸಿದಳು. ಎಷ್ಟು ಸಲ ಕರೆಯಬೇಕಾಗುತ್ತದೋ ಅವಳಿಗೆ ತಿಳಿಯಲಿಲ್ಲ. ಇನ್ನೊಮ್ಮೆ ಕರೆದಳು.