ಸೋಪಿನ ಕಪಾಟಿನಲ್ಲಿ ತಂಬಾಕು

ನಾಯಿ ಸಕ್ಕರೆ ಮೂಟೆಯನ್ನು ಮೂಸಿ ಮುಂದೆ ಹೋಯಿತು. ಬಿಸ್ಕತ್ತಿನ ಡಬ್ಬಗಳ ಕಡೆ ತಿರುಗಿಯೂ ನೋಡಲಿಲ್ಲ. ಅಂಗಡಿಯ ಹಿಂದಿನ ಉಗ್ರಾಣಕ್ಕೆ ನುಗ್ಗಿ, ಸೋಪಿನ ಕಪಾಟಿನ ಮುಂದೆ ಕುಳಿತೇಬಿಟ್ಟಿತು.

“ತೆಗೀರಿ,” ಎಂದ ತಪಾಸಣೆಗೆ ಬಂದವನು.

ಬಟ್ಟೆಸೋಪಿನ ಕಟ್ಟುಗಳ ಹಿಂದೆ ಒಂದು ಚೀಲ. ಚೀಲದ ತುಂಬ ಕಾಗದದ ಪೊಟ್ಟಣಗಳು—ಸುತ್ತಿ ಸೇದುವ ತಂಬಾಕು. ತೆರಿಗೆಯ ಮುದ್ರೆ ಇಲ್ಲ, ಎಚ್ಚರಿಕೆಯ ಚಿತ್ರ ಇಲ್ಲ. ಕಳ್ಳ ಮಾಲು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಅಂಗಡಿಯಮ್ಮ ಚೀಲವನ್ನು ನೋಡಲಿಲ್ಲ. ಮಗನ ಮುಖವನ್ನು ನೋಡಿದಳು. ಮಗ ನೆಲ ನೋಡುತ್ತಿದ್ದ.

ಹೆತ್ತವಳಿಗೆ ಅನುಮಾನ ಬರಲು ಕಾರಣವಿತ್ತು. ಮಗ ಹಿಂದೊಮ್ಮೆ ಯಾರದೋ ಗೋದಾಮಿನ ಕಳ್ಳ ಮಾಲು ಸಾಗಿಸಿ ಸಿಕ್ಕಿಬಿದ್ದು, ಶಿಕ್ಷೆ ಅನುಭವಿಸಿ ಬಂದವನು. ಬಂದಮೇಲೆ ತಾನಾಯಿತು ತನ್ನ ಕೆಲಸವಾಯಿತು ಎಂದು ಅಂಗಡಿಯಲ್ಲಿ ದುಡಿಯುತ್ತಿದ್ದ. ಒಳ್ಳೆಯ ಹುಡುಗನೇ. ಆದರೂ ಒಮ್ಮೆ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರಲ್ಲ!

ವಾರದೊಳಗೆ ಕಚೇರಿಯಿಂದ ನೋಟೀಸು ಬಂತು. ಒಂದು ತಿಂಗಳಿಂದ ಹಿಂದಿನ ಓಣಿಯಲ್ಲಿ ತಂಬಾಕು ಮಾರಾಟವಾಗುತ್ತಿದೆ ಎಂದು ದೂರಿತ್ತು. ಈಗ ಮಾಲೂ ಸಿಕ್ಕಿದೆ. ಆದ್ದರಿಂದ ಅಂಗಡಿಯ ಲೈಸೆನ್ಸ್ ಮರುಪರಿಶೀಲನೆ. ತಪ್ಪು ಅಂಗಡಿಯವರದೇ ಎಂದಾದರೆ ಲೈಸೆನ್ಸ್ ರದ್ದು, ಮಗ ಮತ್ತೆ ಒಳಗೆ.

ಪರಿಶೀಲನೆಗೆ ಬಂದ ಅಧಿಕಾರಿ ನರೆಗೂದಲಿನ ಹೆಂಗಸು. ಕುರ್ಚಿ ಕೊಟ್ಟರೆ ಬೇಡವೆಂದು ಖಾಲಿ ಪೆಟ್ಟಿಗೆಯ ಮೇಲೆ ಕುಳಿತರು.

“ಮೊದಲು ಒಂದಿಷ್ಟು ಕಾಫಿಪುಡಿ ಕಟ್ಟಿಬಿಡಿ. ಮನೇಲಿ ಮುಗಿದಿದೆ.”

“ನಮ್ಮಲ್ಲಿ ಇಲ್ಲ ಮೇಡಂ. ಪಕ್ಕದಂಗಡೀಲಿ ಸಿಗುತ್ತೆ.”

“ಇಷ್ಟೆಲ್ಲ ಇಟ್ಟಿದೀರಿ, ಕಾಫಿಪುಡಿ ಇಲ್ವಾ?”

“ಪಕ್ಕದವರು ಅದನ್ನೇ ಹುರಿದು ಪುಡಿಮಾಡಿ ಬದುಕ್ತಾರೆ. ಅವರು ಬಿಸ್ಕತ್ತು ಮಾರಲ್ಲ, ನಾವು ಕಾಫಿ ಮುಟ್ಟಲ್ಲ. ನಮ್ಮ ಯಜಮಾನರ ಕಾಲದಿಂದ ನಡ್ಕೊಂಡು ಬಂದಿದೆ. ನನಗಂತೂ ಪಿತ್ತ, ಮನೆಗೂ ತರಲ್ಲ.”

ಆ ಹೊತ್ತಿಗೆ ಮಗ ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆಯೊಂದನ್ನು ಹೊತ್ತು ತಂದು ಸೋಪಿನ ಕಪಾಟಿನ ಪಕ್ಕ ಇಳಿಸಿದ. ಅಂಗಡಿಯಮ್ಮ ಇದ್ದ ಚಿಂತೆಯನ್ನೆಲ್ಲ ಮರೆತು ಗದರಿದಳು:

“ಎಷ್ಟು ಸಲ ಹೇಳ್ಬೇಕೋ ನಿನಗೆ? ತಿನ್ನೋ ಸಾಮಾನು ಅಲ್ಲಿಡಬೇಡ. ಬಿಸ್ಕತ್ತು ತಿಂದ್ರೆ ನೊರೆ ಬರುತ್ತೆ ಅಂತ ಗಿರಾಕಿ ಜಗಳಕ್ಕೆ ಬಂದಿದ್ದು ಸಾಲದಾ?”

ಅಧಿಕಾರಿ ನಕ್ಕರು. ನಂತರ ಎದ್ದು ಹೋಗಿ ಕಪಾಟಿನಲ್ಲಿದ್ದ ಮೇಣದಬತ್ತಿಯ ಕಟ್ಟೊಂದನ್ನು ಎತ್ತಿ ನೋಡಿ, ಅಲ್ಲೇ ಇಟ್ಟರು.

“ಉಗ್ರಾಣದ ಹಿಂಬಾಗಿಲ ಬೀಗದ ಕೈ ಯಾರ್ಯಾರ ಹತ್ತಿರ ಇದೆ?”

“ನನ್ನದೊಂದು, ಮಗನದೊಂದು. ಇನ್ನೊಂದು ಓಣಿಯಲ್ಲಿ ಕರೆಂಟಿನ ಮೀಟರ್ ಪೆಟ್ಟಿಗೆ ಒಳಗೆ ಇರುತ್ತೆ. ಮೂರು ಅಂಗಡಿಗೂ ನೀರು ಬಿಡೋ ವಾಲ್ವ್ ನಮ್ಮ ಉಗ್ರಾಣದಲ್ಲೇ ಇದೆ. ಕಾಫಿಪುಡಿಯವರೂ ಟೈಲರೂ ಬಂದು ತಿರುಗಿಸ್ಕೊಂಡು ಹೋಗ್ತಾರೆ.”

“ಸರಿ. ಈಗ ನೇರವಾಗಿ ಕೇಳ್ತೀನಿ. ತಂಬಾಕು ಇಟ್ಟಿದ್ದು ಯಾರು?”

ಅಂಗಡಿಯಮ್ಮ ಮಗನತ್ತ ಒಮ್ಮೆ ನೋಡಿದಳು. ಲೈಸೆನ್ಸ್ ಹೋದರೆ ಹೋಗಲಿ, ಕೂಲಿ ಮಾಡಿಯಾದರೂ ಹೊಟ್ಟೆ ಹೊರೆಯಬಹುದು. ಮಗ ಇನ್ನೊಮ್ಮೆ ಜೈಲಿಗೆ ಹೋದರೆ ಮನುಷ್ಯನಾಗಿ ಉಳಿಯುವುದಿಲ್ಲ.

“ನಾನೇ.”

“ಯಾವಾಗಿನಿಂದ?”

“ಒಂದು ತಿಂಗಳಿಂದ.”

“ಎಲ್ಲಿ ಇಡ್ತಿದ್ರಿ?”

“ಅಲ್ಲೇ—ಸೋಪಿನ ಹಿಂದೆ.”

“ಸುಳ್ಳು,” ಎಂದ ಮಗ. ಅವನ ಮುಖ ಕೆಂಪೇರಿತ್ತು. “ಇಟ್ಟಿದ್ದು ನಾನು. ಅಮ್ಮನಿಗೆ ಏನೂ ಗೊತ್ತಿಲ್ಲ. ಲೈಸೆನ್ಸ್ ಅವರ ಹೆಸರಲ್ಲೇ ಇರಲಿ ಮೇಡಂ.”

“ಒಂದು ಚೀಲಕ್ಕೆ ಇಬ್ಬರು ವಾರಸುದಾರರು,” ಎಂದರು ಅಧಿಕಾರಿ. “ನೀನೂ ತಿಂಗಳಿಂದ ಸೋಪಿನ ಹಿಂದೆಯೇ ಇಡ್ತಿದ್ದೆಯಾ?”

“ಹೂಂ.”

“ಇಬ್ಬರಿಗೂ ಸುಳ್ಳು ಹೇಳೋಕೆ ಬರಲ್ಲ. ಈ ಅಮ್ಮ ಬಿಸ್ಕತ್ತನ್ನೇ ಆ ಕಪಾಟಿನ ಹತ್ತಿರ ಸೇರಿಸಲ್ಲ. ಮಾರೋ ತಂಬಾಕನ್ನ, ಅದೂ ಬರೀ ಕಾಗದದಲ್ಲಿ ಕಟ್ಟಿದ್ದನ್ನ, ಒಂದು ತಿಂಗಳು ಅಲ್ಲಿ ಇಡ್ತಾರಾ? ನೀನು ಇಟ್ಟಿದ್ರೂ ತಿಂಗಳೊಳಗೆ ಇವರ ಕಣ್ಣಿಗೆ ಬೀಳ್ತಿರಲಿಲ್ವಾ?”

ಅಂಗಡಿಯಮ್ಮ ಮಗನತ್ತ ತಿರುಗಿದಳು.

“ಹಾಗಾದ್ರೆ ನೀನು ಇಟ್ಟಿಲ್ವೇನೋ?”

“ಇಲ್ಲಮ್ಮ.”

“ಮತ್ತೆ ಅವತ್ತು ಯಾಕೋ ತಲೆ ತಗ್ಗಿಸಿ ನಿಂತಿದ್ದೆ?”

“ಚೀಲ ಸಿಕ್ಕ ತಕ್ಷಣ ನೀನು ನನ್ನ ಮುಖ ನೋಡಿದೆಯಲ್ಲ, ಅದಕ್ಕೆ.”

ಅಂಗಡಿಯಮ್ಮನಿಗೆ ಕೆನ್ನೆಗೆ ಹೊಡೆದಂತಾಯಿತು. ನಾಚಿಕೆಯಿಂದ ಕುಗ್ಗಿಹೋದಳು. ಇಷ್ಟು ದಿನ ಒಂದೇ ಸೂರಿನಡಿ ಒಂದೇ ಒಲೆಯ ಅಡುಗೆ ಉಂಡು, ಕೇಳಬೇಕಾದ ಒಂದು ಮಾತನ್ನು ಅವಳು ಕೇಳಿರಲಿಲ್ಲ.

ಅಧಿಕಾರಿ ಓಣಿಯ ಇನ್ನಿಬ್ಬರನ್ನು ಕರೆಸಿದರು. ಟೈಲರ್ ಅಳತೆಯ ಟೇಪನ್ನು ಕೊರಳಲ್ಲೇ ಬಿಟ್ಟುಕೊಂಡು, ಹುಬ್ಬು ಗಂಟಿಕ್ಕಿಕೊಂಡು ಬಂದ. ಕಾಫಿಪುಡಿಯವನು ಮೆಲ್ಲಗೆ ಬಂದು, “ಹೆದರಬೇಡಿ ಅತ್ತಿಗೆ, ನಾನಿದೀನಿ,” ಎಂದ. ಅವನು ಅಂಗಡಿಯಮ್ಮನ ಗಂಡನ ಜೀವದ ಗೆಳೆಯ.

“ನೀವು ತಂಬಾಕು ಸೇದ್ತೀರಂತೆ?” ಟೈಲರನ್ನು ಕೇಳಿದರು ಅಧಿಕಾರಿ.

“ಸೇದ್ತೀನಿ. ಎಲ್ಲರೆದುರಿಗೂ ಸೇದ್ತೀನಿ. ಮುದ್ರೆ ಇರೋದನ್ನೇ ತಗೋತೀನಿ. ಬೇಕಾದ್ರೆ ಜೇಬು ನೋಡ್ಕೊಳ್ಳಿ.”

“ನೀವು?”

“ಅಯ್ಯೋ, ನನಗೆ ಯಾವ ಚಟವೂ ಇಲ್ಲ,” ಎಂದ ಕಾಫಿಪುಡಿಯವನು. ನಂತರ ದನಿ ತಗ್ಗಿಸಿ, “ಹುಡುಗ ಒಳ್ಳೆಯವನೇ ಮೇಡಂ. ಆದರೆ ಹಳೇ ಸಹವಾಸ... ನೀವೇ ಸ್ವಲ್ಪ ದೊಡ್ಡ ಮನಸ್ಸು ಮಾಡ್ಬೇಕು.”

ಅಧಿಕಾರಿ ತಮ್ಮ ಕೈಚೀಲದಿಂದ ಸೀಲು ಹಾಕಿದ ಲಕೋಟೆ ತೆಗೆದರು. “ದಾಳಿಯ ದಿನ, ಸಿಕ್ಕಿದ ಜಾಗದಲ್ಲೇ ಸೀಲು ಮಾಡಿದ್ದ ಪೊಟ್ಟಣ ಇದು. ಅವತ್ತು ನಾಯಿ ಮೂಸಿತು, ಮನುಷ್ಯರು ಯಾರೂ ಮೂಸಲಿಲ್ಲ.” ಸೀಲು ಒಡೆದು ಟೈಲರಿಗೆ ಕೊಟ್ಟರು. “ಏನು ವಾಸನೆ?”

“ತಂಬಾಕು.” ಟೈಲರ್ ಮತ್ತೊಮ್ಮೆ ಮೂಗಿನ ಹತ್ತಿರ ಹಿಡಿದ. ಅವನ ಹುಬ್ಬಿನ ಗಂಟು ಸಡಿಲವಾಯಿತು. “ಜೊತೆಗೆ ಕಾಫಿ.”

“ಸೋಪು?”

“ಸುಳಿವೂ ಇಲ್ಲ.”

ಅಧಿಕಾರಿ ಕಪಾಟಿನಿಂದ ಆ ಮೇಣದಬತ್ತಿಯ ಕಟ್ಟನ್ನು ತಂದು ಅವನ ಕೈಗಿಟ್ಟರು. ಟೈಲರ್ ಮೂಸಿ ಮುಖ ಸಿಂಡರಿಸಿದ. “ಇದಂತೂ ಹೊತ್ತಿಸಿದ್ರೂ ನೊರೆ ಬರೋ ಹಾಗಿದೆ.”

“ಆ ಕಪಾಟಲ್ಲಿ ತಿಂಗಳುಗಟ್ಟಲೆ ಇದ್ದಿದ್ದು ಹೀಗಾಗುತ್ತೆ. ತಂಬಾಕು ಹೀಗಾಗಿಲ್ಲ. ಅಂದ್ರೆ ಅದು ಅಲ್ಲಿ ಇದ್ದಿದ್ದು ಹೆಚ್ಚೆಂದ್ರೆ ಒಂದು ರಾತ್ರಿ. ಅದಕ್ಕೆ ಮುಂಚೆ ಎಲ್ಲಿತ್ತು? ಈ ಅಂಗಡೀಲಿ ಕಾಫಿ ಇಲ್ಲ, ಮನೇಲೂ ಇಲ್ಲ.”

“ಇಡೀ ಬೀದಿಗೇ ನನ್ನ ಕಾಫಿ ವಾಸನೆ ಹೊಡೆಯುತ್ತೆ ಮೇಡಂ,” ಕಾಫಿಪುಡಿಯವನು ನಗಲು ನೋಡಿದ. “ಅದೂ ತಪ್ಪಾ?”

“ವಾಸನೆ ಗಾಳಿಯಲ್ಲಿ ಬರಬಹುದು. ಇದೂ ಗಾಳಿಯಲ್ಲೇ ಬಂತಾ?”

ಅವರು ಪೊಟ್ಟಣದ ತುದಿಯ ಮಡಿಕೆ ಬಿಚ್ಚಿ ಬಿಳಿ ಹಾಳೆಯ ಮೇಲೆ ತಟ್ಟಿದರು. ಸಣ್ಣಗೆ ಬೀಸಿದ ಕಂದು ಪುಡಿ ಉದುರಿತು.

“ದಾಳಿಯ ಹಿಂದಿನ ದಿನ ಪಕ್ಕದ ಬೀದಿಗೆ ನಾಯಿ ಬಂದಿದ್ದು ಇಲ್ಲಿ ಎಲ್ಲರಿಗೂ ಗೊತ್ತಿತ್ತು. ಸೋಪಿನ ಘಾಟಿಗೆ ನಾಯಿಯ ಮೂಗು ಕಟ್ಟುತ್ತೆ ಅಂತ ಯಾರೋ ಲೆಕ್ಕ ಹಾಕಿದ್ರು. ಮೀಟರ್ ಪೆಟ್ಟಿಗೆಯ ಬೀಗದ ಕೈ ತಗೊಂಡ್ರು. ಹೌದೋ ಅಲ್ವೋ? ಹೇಗಿದ್ರೂ ನಮ್ಮವರು ಈಗ ನಿಮ್ಮ ಮೂಟೆಗಳನ್ನ ಸರಿಸಿ ನೋಡ್ತಿದಾರೆ.”

ಕಾಫಿಪುಡಿಯವನು ಗೋಡೆ ಹಿಡಿದು ಕುಳಿತ.

“ಒಂದು ರಾತ್ರಿಗೆ ಅಂತ ಇಟ್ಟಿದ್ದೆ ಅತ್ತಿಗೆ. ಬೆಳಿಗ್ಗೆ ತೆಗೆಯೋಣ ಅನ್ನೋದ್ರೊಳಗೆ ಅವರೇ ಬಂದ್ರು. ವ್ಯಾಪಾರ ಬಿದ್ದುಹೋಗಿತ್ತು...”

“ವ್ಯಾಪಾರ ಬಿದ್ರೆ ಬಂದು ಹೇಳಬಾರದಿತ್ತಾ?” ಎಂದಳು ಅಂಗಡಿಯಮ್ಮ. “ಕದ್ದು ಮಾರಿದ್ದು ನಿಮ್ಮ ಹಣೆಬರಹ. ಆದರೆ ಈಗ ನನ್ನ ಎದುರಿಗೇ ನನ್ನ ಮಗನ ತಲೆಗೆ ಕಟ್ಟಿದ್ರಲ್ಲ?”

ಸ್ವಲ್ಪ ಹೊತ್ತಿಗೆ ಇಬ್ಬರು ಸಿಬ್ಬಂದಿ ಹುರಿದ ಬೀಜದ ಮೂಟೆಗಳ ಹಿಂದೆ ಸಿಕ್ಕ ಇನ್ನೊಂದು ಚೀಲದೊಂದಿಗೆ ಬಂದು ಅವನನ್ನು ಕರೆದೊಯ್ದರು. ಟೈಲರ್ ಹೊರಡುವಾಗ ಹುಡುಗನ ಬೆನ್ನು ತಟ್ಟಿ ಹೋದ. ಅಂಥ ಸಿಡುಕನಿಂದ ಅದೇ ದೊಡ್ಡ ಮಾತು.

“ಲೈಸೆನ್ಸ್ ಮುಂದುವರಿಯುತ್ತೆ,” ಎಂದರು ಅಧಿಕಾರಿ. “ಆದರೆ ಎರಡು ಷರತ್ತು. ಹಿಂಬಾಗಿಲ ಬೀಗ ಬದಲಾಯಿಸಿ, ಕೀಲಿ ಓಣಿಯಲ್ಲಿ ಇಡಕೂಡದು. ಮತ್ತೆ ಉಗ್ರಾಣಕ್ಕೆ ಒಬ್ಬರು ಜವಾಬ್ದಾರರು ಅಂತ ಲೈಸೆನ್ಸಲ್ಲಿ ನಮೂದಾಗ್ಬೇಕು. ನಿಮ್ಮ ಹೆಸರೇ ಹಾಕ್ಲಾ?”

“ಬೇಡ,” ಎಂದಳು ಅಂಗಡಿಯಮ್ಮ. “ಇವನದು ಹಾಕಿ.”

ಮಗ ಬೆಚ್ಚಿದ. “ಅಮ್ಮ, ನನ್ನ ಮೇಲೆ ಹಳೇ ಕೇಸಿದೆ.”

“ಶಿಕ್ಷೆ ಮುಗಿದಿದೆ. ನಿಯಮದಲ್ಲಿ ಅಡ್ಡಿ ಇಲ್ಲ,” ಎಂದರು ಅಧಿಕಾರಿ.

“ಅಡ್ಡಿ ನನ್ನ ತಲೇಲಿ ಇತ್ತು ಮೇಡಂ. ಈಗ ಇಲ್ಲ. ಹಾಕಿ.”

ಮಗ ಪೆನ್ನು ಹಿಡಿದು ಲೈಸೆನ್ಸಿನ ಮೇಲೆ ಬಾಗಿದ. ಮೊದಲ ಅಕ್ಷರವೇ ಸೊಟ್ಟಗಾಯಿತು.

“ನೆಟ್ಟಗೆ ಬರಿಯೋ,” ಅಂಗಡಿಯಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಗದರಿದಳು. “ಅಂಗಡಿ ಮುಂದೆ, ಬಂದೋರಿಗೆಲ್ಲ ಕಾಣೋ ಹಾಗೆ ತೂಗುಹಾಕ್ತೀನಿ.”