ನಾನೂರ ಇಪ್ಪತ್ತೊಂದನೆಯ ಮಾಳಪ್ಪ

"ಈ ಸಹಿ ನಂದಲ್ಲರಿ."

ಮುದುಕ ಹೇಳಿದ್ದು ಇಷ್ಟೇ. ಹುನಗುಂದದ ಚುನಾವಣಾಧಿಕಾರಿ ಕಾಗದದಿಂದ ತಲೆಯೆತ್ತಿದರು.

ಶುಕ್ರವಾರ. ನಾಮಪತ್ರ ಪರಿಶೀಲನೆಯ ದಿನ. ಮೇಜಿನ ಮೇಲಿದ್ದದ್ದು ಪಕ್ಷೇತರ ಅಭ್ಯರ್ಥಿ ಲಲಿತಾಳ ಅರ್ಜಿ. ಇಳಕಲ್ಲಿನಲ್ಲಿ ಸೀರೆ ನೇಯುವವಳು. ಓಣಿಗೆ ನೀರು ಕೊಡಿ ಎಂದು ಎರಡು ವರ್ಷ ಅರ್ಜಿ ಹಿಡಿದು ಅಲೆದು, ಕೊನೆಗೆ ತಾನೇ ವಿಧಾನಸಭೆಗೆ ನಿಂತಿದ್ದಳು. ಅಭ್ಯರ್ಥಿಯ ಹೆಸರು ಸೂಚಿಸಿ ಸಹಿ ಹಾಕಲು ದೊಡ್ಡ ಪಕ್ಷದವರಿಗೆ ಒಬ್ಬ ಸೂಚಕ ಸಾಕು. ಪಕ್ಷೇತರರಿಗೆ ಹತ್ತು ಜನ ಬೇಕು.

ಅವಳ ಏಳನೆಯ ಸೂಚಕ ಮಾಳಪ್ಪ, ಮತದಾರರ ಪಟ್ಟಿಯಲ್ಲಿ ಕ್ರಮಸಂಖ್ಯೆ 421. ಆ ಮಾಳಪ್ಪನನ್ನೇ ದೊಡ್ಡ ಪಕ್ಷದ ಏಜೆಂಟ ಕರೆತಂದಿದ್ದ. ಜೊತೆಗೊಂದು ಪ್ರಮಾಣಪತ್ರ. ಕೆಳಗೆ ಹೆಬ್ಬೆಟ್ಟು.

"ನಾ ಸಾಲಿ ಕಟ್ಟಿನ ಹತ್ತಿಲ್ಲರಿ. ಸಹಿ ಹೆಂಗ್ ಮಾಡ್ಲಿ?"

"ಇಂವ ಅಲ್ಲರಿ ಸರ! ನನಗ ಸಹಿ ಮಾಡಿದ ಮಾಳಪ್ಪ ಬ್ಯಾರೆ!" ಲಲಿತಾ ಕೂಗಿದಳು.

"421 ಇವರೇ ಅಮ್ಮಾ. ಗುರುತಿನ ಚೀಟಿ ನೋಡಿ," ಎಂದರು ಚುನಾವಣಾಧಿಕಾರಿ.

ಪಕ್ಕದಲ್ಲಿದ್ದ ಬಸಯ್ಯ ಮಾಸ್ತರರು ಅವಳ ತೋಳು ಹಿಡಿದರು. ಅವಳ ಅರ್ಜಿಯನ್ನು ತುಂಬಿಕೊಟ್ಟ ನಿವೃತ್ತ ಶಿಕ್ಷಕರು ಅವರು. "ಇಲ್ಲಿ ಒದರಿ ಉಪಯೋಗಿಲ್ಲವಾ. ಕೋರ್ಟಿಗೆ ಹೋಗೂಣು, ನಡಿ."

ಸೂಚಕರು ಒಂಬತ್ತೇ ಉಳಿದರು. ನಾಮಪತ್ರ ತಿರಸ್ಕೃತ. ಸಂಜೆಗೆ ಲಲಿತಾಳ ಮೇಲೆ ಸಹಿ ನಕಲು ಮಾಡಿದ ದೂರು ದಾಖಲಾಯಿತು.

*

ತನಿಖೆ ಎ.ಎಸ್.ಐ. ಸಿದ್ದಲಿಂಗವ್ವನ ಪಾಲಿಗೆ ಬಂತು. ಶನಿವಾರ ಬೆಳಿಗ್ಗೆಯೇ ಐಹೊಳೆ ಬದಿಯ ಮಾಳಪ್ಪನ ಊರಿಗೆ ಹೋದಳು. ಲಲಿತಾಳ ತವರೂರೂ ಅದೇ.

ಹೆಬ್ಬೆಟ್ಟಿನ ಮಾಳಪ್ಪ ಕುರಿ ಹಟ್ಟಿಯಲ್ಲಿ ಸಿಕ್ಕ. ಯಾರೋ ಹೆದರಿಸಿ ಸುಳ್ಳು ಹೇಳಿಸಿದ್ದಾರೆ ಎಂಬುದು ಸಿದ್ದಲಿಂಗವ್ವನ ಅನುಮಾನ.

"ಸಹಿ ಖರೇನ ಬರೂದಿಲ್ಲೇನು?"

"ಬೀರಪ್ಪ ದ್ಯಾವರಾಣಿ ಬರೂದಿಲ್ಲವಾ. ಗುರುವಾರ ಕಾರ ಬಂತು. ಲಲಿತಾಗ ಸಹಿ ಮಾಡಿಯೇನ ಅಂದ್ರು. ಇಲ್ಲ ಅಂದ್ನಿ. ಹಂಗಾರ ಇದಕ್ಕ ಹೆಬ್ಬೆಟ್ಟ ಒತ್ತು ಅಂದ್ರು. ಖರೆ ಮಾತಿಗೆ ಒತ್ತಾಕ ಅಂಜಿಕಿ ಯಾಕ?"

"ಎಷ್ಟೊತ್ತಿಗೆ?"

"ಕುರಿಗೆ ನೀರ ಕುಡಸೂ ಹೊತ್ತು. ಬಿಸಿಲ ನೆತ್ತಿ ಮ್ಯಾಲಿತ್ತು."

ಮುದುಕನ ಮಾತಿನಲ್ಲಿ ಸುಳ್ಳಿರಲಿಲ್ಲ. ಹಾಗಾದರೆ ಲಲಿತಾಳೇ ಸುಳ್ಳು ಹೇಳಿದಳೇ?

ಮತದಾರರ ಪಟ್ಟಿ ಬಿಚ್ಚಿದಳು. ಅದೇ ಹಾಳೆಯಲ್ಲಿ ಇನ್ನೊಬ್ಬ ಮಾಳಪ್ಪ. ಕ್ರಮಸಂಖ್ಯೆ 412. ನಿವೃತ್ತ ಬಸ್ ಕಂಡಕ್ಟರ್, ನಾಲ್ಕು ಮನೆ ಆಚೆ.

"ನಾನ ಸಹಿ ಮಾಡೇನ್ರಿ ಮೇಡಂ. ಲಲಿತಾ ನಮ್ಮೂರ ಮಗಳು. ಯಾಕ, ಏನಾತು?"

ಬಿಳಿ ಹಾಳೆಯ ಮೇಲೆ ಮೂರು ಸಲ ಸಹಿ ಮಾಡಿಸಿದಳು. ನಾಮಪತ್ರದ ಸಹಿಗೂ ಇದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಸಹಿ ಅಸಲಿ. ತಪ್ಪಿದ್ದು ಸಂಖ್ಯೆ.

*

ಬಸಯ್ಯ ಮಾಸ್ತರರು ಇಳಕಲ್ಲಿನ ತಮ್ಮ ಮನೆಯಲ್ಲಿ ಸಿದ್ದಲಿಂಗವ್ವನ ಮುಂದೆ ಕಣ್ಣೀರು ತಂದುಕೊಂಡರು.

"ವಯಸ್ಸಾತ್ರಿ. ಕಣ್ಣ ಮಂಜಾಗ್ಯಾವ. ಅಂಕಿ ಹಿಂದ ಮುಂದ ಆದ್ವು."

ಲಲಿತಾಳ ನೋಟುಬುಕ್ಕಿನಲ್ಲಿ 412 ಎಂದೇ ಇತ್ತು. ಅವರು ಬರೆದದ್ದು 421. ಅಲ್ಲೂ ಮಾಳಪ್ಪನೇ ಇದ್ದುದರಿಂದ ಅರ್ಜಿ ಸಲ್ಲಿಸುವಾಗ ಯಾರಿಗೂ ಸಂಶಯ ಬಂದಿರಲಿಲ್ಲ.

"ಬಿಡ್ರಿ ಮಾಸ್ತರ," ಜೊತೆಗೆ ಬಂದಿದ್ದ ಲಲಿತಾಳೇ ಸಮಾಧಾನ ಮಾಡಿದಳು. "ಬೇಕಂತ ಮಾಡಿಲ್ಲಲ್ಲ."

ಕಣ್ತಪ್ಪು. ಸಿದ್ದಲಿಂಗವ್ವ ಠಾಣೆಗೆ ಬಂದು ಹಾಗೆಯೇ ವರದಿ ಬರೆಯತೊಡಗಿದಳು. ದಾಖಲೆಗೆ ಜೋಡಿಸಲು ಕುರುಬ ಮಾಳಪ್ಪನ ಪ್ರಮಾಣಪತ್ರ ಕೈಗೆತ್ತಿಕೊಂಡಳು. ಇ-ಸ್ಟ್ಯಾಂಪ್ ಕಾಗದ. ಮೇಲೆ ಖರೀದಿಯ ದಿನ, ಸಮಯ.

ಪೆನ್ನು ಕೆಳಗಿಟ್ಟಳು.

*

ಠಾಣೆಯ ಬೆಂಚಿನ ಮೇಲೆ ಬಸಯ್ಯ. ಎದುರಿಗೆ ಲಲಿತಾ.

"ಮಾಸ್ತರ, ಗುರುವಾರ ಅರ್ಜಿ ಎಷ್ಟಕ್ಕ ಕೊಟ್ರಿ?"

"ಮಧ್ಯಾಹ್ನ ಎರಡೂ ಐವತ್ತಕ್ಕ."

"ಅಲ್ಲಿತನಕ ಅದು ಯಾರ ಕಡೆ ಇತ್ತು?"

"ನನ್ನ ಚೀಲದಾಗ."

"ಸೂಚಕರು ಯಾರು ಅಂತ ಮತ್ಯಾರಿಗೆ ಗೊತ್ತಿತ್ತು?"

"ಲಲಿತಾಗ, ನನಗ. ಅಷ್ಟ."

ಸಿದ್ದಲಿಂಗವ್ವ ಪ್ರಮಾಣಪತ್ರ ಮುಂದೆ ಸರಿಸಿದಳು. "ಈ ಕಾಗದ ತಗೊಂಡದ್ದು ಅದ ಗುರುವಾರ, ಬೆಳಿಗ್ಗೆ ಹನ್ನೊಂದೂ ಹದಿನೆಂಟಕ್ಕ. ನೆತ್ತಿ ಮ್ಯಾಲೆ ಬಿಸಿಲಿದ್ದಾಗ ಮುದುಕನ ಹೆಬ್ಬೆಟ್ಟು ಬಿತ್ತು. ನಿಮ್ಮ ಅರ್ಜಿ ಇನ್ನೂ ಚೀಲದಾಗಿತ್ತು. ಅದರಾಗ 421 ಅಂತ ತಪ್ಪು ಬಿದ್ದದ ಅಂತ ಕಾರಿನವರಿಗೆ ಯಾರು ಹೇಳಿದ್ರು? ಕಣ್ತಪ್ಪು ಆದವರಿಗೆ ತಪ್ಪು ಆದದ್ದ ಗೊತ್ತಿರೂದಿಲ್ಲ, ಮಾಸ್ತರ. ಅದರ ಮ್ಯಾಲೆ, ಬ್ಯಾರೆ ಮಾಳಪ್ಪ ಅದಾನ ಅಂತ ಈಕಿ ಒದರಿದಾಗ ಕೈ ಹಿಡಿದು ಹೊರಗ ಎಳಿಯೂ ಬದಲಿ ನೀವು ಒಂದು ದಿನ ಟೈಮ್ ಕೇಳಿದ್ರ, ಕಂಡಕ್ಟರ್ ಬಂದು ಸಾಕ್ಷಿ ಹೇಳ್ತಿದ್ದ."

ಬಸಯ್ಯ ಪ್ರಮಾಣಪತ್ರವನ್ನು ಹಿಂದಕ್ಕೆ ಸರಿಸಿದರು.

"ಮೂವತ್ತು ವರ್ಷ ಆ ಪಕ್ಷದ ಪೋಸ್ಟರ ಹಚ್ಚೇನಿ," ಅಂದರು. "ನಗರಸಭಾ ಟಿಕೆಟ್ ಮುಂದಿನ ಸಲ, ಮುಂದಿನ ಸಲ ಅಂದ್ರು. ಈ ಸಲ ಈ ಕೆಲಸ ಮಾಡಿಕೊಡು, ಖಾತ್ರಿ ಅಂದ್ರು. ಈಕಿ ನಿನ್ನೆ ಮೊನ್ನೆ ಮಗ್ಗದಿಂದ ಎದ್ದು ಬಂದು ನೇರ ವಿಧಾನಸೌಧಕ್ಕ ನಡದಾಳ. ಹಂಗಾರ ನಾ ಕಾದದ್ದು ಏನು?"

"ಅಂದವರು ಯಾರು?"

"ಅವರ ಹೆಸರ ನಾ ಹೇಳಾಂಗಿಲ್ಲ."

ಲಲಿತಾ ಅವರನ್ನೇ ನೋಡುತ್ತಿದ್ದಳು. "ನನ್ನ ಮುಂದನ ಬರದ್ರಲ್ಲ, ಮಾಸ್ತರ. ನಾ ಚಾ ಮಾಡಾಕ ಒಳಗ ಎದ್ದು ಹೋಗಿದ್ನಿ, ಅಷ್ಟ."

*

ದೂರು ತಿರುಗಿ ಬಸಯ್ಯನ ಮೇಲೆ ಬಿತ್ತು. ಸೋಮವಾರವೇ ಜಾಮೀನೂ ಸಿಕ್ಕಿತು. ಕಾರು ಯಾರದು ಎಂಬುದಕ್ಕೆ ಸಾಕ್ಷಿ ಸಿಗಲಿಲ್ಲ. ಕಾಗದ ಯಾರೋ ತಂದುಕೊಟ್ಟರು ಎಂದ ಏಜೆಂಟ.

ವರದಿ ಹಿಡಿದು ಸಿದ್ದಲಿಂಗವ್ವ, ಲಲಿತಾ ಇಬ್ಬರೂ ಚುನಾವಣಾಧಿಕಾರಿಯ ಮುಂದೆ ನಿಂತರು. ಅವರು ಪೂರ್ತಿ ಓದಿದರು. ನಿಟ್ಟುಸಿರಿಟ್ಟರು.

"ತಿರಸ್ಕಾರದ ಆದೇಶ ಬದಲಿಸೋ ಅಧಿಕಾರ ನನಗಿಲ್ಲ. ಫಲಿತಾಂಶ ಬಂದ ಮೇಲೆ ಹೈಕೋರ್ಟಿಗೆ ಹೋಗಬಹುದು."

"ಅದು ಎಷ್ಟ ವರ್ಷರಿ?"

ಅವರು ವರದಿ ಮಡಿಚಿ ವಾಪಸು ಕೊಟ್ಟರು.

ಮತದಾನದ ದಿನ ಸಿದ್ದಲಿಂಗವ್ವನಿಗೆ ಇಳಕಲ್ಲಿನ ಮತಗಟ್ಟೆಯಲ್ಲಿ ಬಂದೋಬಸ್ತು. ಲಲಿತಾ ಸರದಿಯಲ್ಲಿ ನಿಂತಳು, ಒಳಗೆ ಹೋದಳು. ಹೊರಗೆ ಬರಲು ತಡವಾಯಿತು.

"ಯಾಕ ಇಷ್ಟೊತ್ತು?"

ಲಲಿತಾ ಬೆರಳಿನ ಶಾಯಿ ಒಣಗಲೆಂದು ಊದಿದಳು.

"ಮಷಿನ್ ಮ್ಯಾಲೆ ನನ್ನ ಹೆಸರ ಹುಡಕಾಕತ್ತಿದ್ನಿ, ಅಕ್ಕಾರ. ಇಲ್ಲ ಅಂತ ಗೊತ್ತಿತ್ತು. ಆದ್ರೂ ಮ್ಯಾಲಿಂದ ಕೆಳಗ ಎರಡ ಸಲ ಓದಿದ್ನಿ."